ಬ್ಲೇಡ್ ಉಳಿಯಬೇಕಾದರೆ ಮೊದಲು ಎಣ್ಣೆಯ ಟ್ಯಾಂಕ್ ನೋಡಿ

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಾಗಲಿ ಕುಡತಿನಿಯದರಲ್ಲಾಗಲಿ ಕಲ್ಲಿದ್ದಲು ಉರಿಯುವುದು ಬಾಯ್ಲರಿನಲ್ಲಿ. ಟರ್ಬೈನಿಗೆ ಹೋಗುವುದು ಹಬೆ ಮಾತ್ರ. ಅಲ್ಲಿ ಕೆಲಸ ಕಲಿತು ದ್ರವ ಇಂಧನದ ಗ್ಯಾಸ್ ಟರ್ಬೈನ್ ಘಟಕಗಳಿಗೆ ಹೋಗುವ ನಮ್ಮ ಕಡೆಯ ತಂತ್ರಜ್ಞರು ಒಂದು ವ್ಯತ್ಯಾಸವನ್ನು ಮನದಲ್ಲಿಟ್ಟುಕೊಳ್ಳಬೇಕು: ಗ್ಯಾಸ್ ಟರ್ಬೈನಿನಲ್ಲಿ ಉರಿದ ಅನಿಲವೇ ನೇರವಾಗಿ ಬ್ಲೇಡಿಗೆ ಬಡಿಯುವುದರಿಂದ, ಎಣ್ಣೆಯಲ್ಲಿದ್ದ ಕಲ್ಮಶವೂ ಬ್ಲೇಡಿನ ಮೇಲೆಯೇ ಬಂದು ಕೂರುತ್ತದೆ.

ನಿಕ್ಕಲ್ ಮಿಶ್ರಲೋಹದ ಬ್ಲೇಡನ್ನು ಕಾಯುವುದು ಕ್ರೋಮಿಯಂ ಅಥವಾ ಅಲ್ಯುಮಿನಿಯಂ ಆಕ್ಸೈಡಿನ ತೆಳುವಾದ ಪೊರೆ. ಎಣ್ಣೆಯ ಕಲ್ಮಶಗಳಲ್ಲಿ ಒಂದಾದ ಸೋಡಿಯಂ ಇಂಧನದ ಗಂಧಕದೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಇದು 884 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇನ್ನೊಂದು ಕಲ್ಮಶವಾದ ವೆನೇಡಿಯಂ ಉರಿದಾಗ ಆಗುವ ವೆನೇಡಿಯಂ ಪೆಂಟಾಕ್ಸೈಡ್ ಸುಮಾರು 690 ಡಿಗ್ರಿಗೇ ಕರಗುತ್ತದೆ, ಎರಡೂ ಬೆರೆತರೆ ಇನ್ನೂ ಬೇಗ. ಹೀಗೆ ಕರಗಿದ ಲವಣವು ಪೊರೆಯನ್ನು ತನ್ನೊಳಗೆ ಕರಗಿಸಿಕೊಂಡು ಒಳಗಿನ ಲೋಹವನ್ನು ತಿನ್ನತೊಡಗುತ್ತದೆ. ಇದನ್ನೇ ಹಾಟ್ ಕರೋಷನ್ ಎನ್ನುತ್ತಾರೆ.

ಸೋಡಿಯಂ ಬಹುಪಾಲು ಎಣ್ಣೆಯೊಳಗಿನ ನೀರಿನಲ್ಲಿರುತ್ತದೆ, ಆದ್ದರಿಂದ ಕೆಲಸ ಟ್ಯಾಂಕಿನಿಂದಲೇ ಆರಂಭವಾಗಬೇಕು. ಟ್ಯಾಂಕರ್ ಖಾಲಿ ಮಾಡಿದ ಮೇಲೆ ಎಣ್ಣೆಯನ್ನು ಕದಡದೆ ತಂಗಲು ಬಿಡಿ. ಪ್ರತಿ ಪಾಳಿಯಲ್ಲೂ ತಳದ ಡ್ರೇನ್ ವಾಲ್ವಿನಿಂದ ಒಂದು ಗಾಜಿನ ಜಾಡಿ ತುಂಬಿಸಿ ಬೆಳಕಿಗೆ ಹಿಡಿದು ನೋಡಿ. ಡೀಸೆಲ್ ಆಗಿದ್ದರೆ ಕೆಳಗೆ ನಿಂತ ನೀರು ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ. ಆ ಗೆರೆ ಕಾಣದಾಗುವವರೆಗೂ ಡ್ರೇನ್ ಮಾಡಿ. ಜಾಡಿ ಮುಟ್ಟದೆ ಪುಸ್ತಕದಲ್ಲಿ ಸಹಿ ಹಾಕಿದ ಪಾಳಿಗಳನ್ನು ನಾನು ಕಂಡಿದ್ದೇನೆ. ಫರ್ನೇಸ್ ಆಯಿಲಿನಂತಹ ಭಾರದ ಎಣ್ಣೆಗೆ ಇಷ್ಟು ಸಾಲದು: ಅದನ್ನು ಬಿಸಿ ಮಾಡಿ, ಲವಣವಿಲ್ಲದ ನೀರು ಬೆರೆಸಿ, ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ನೀರನ್ನು ಬೇರ್ಪಡಿಸಬೇಕು. ಸೋಡಿಯಂ ಮತ್ತು ಪೊಟ್ಯಾಸಿಯಂ ಸೇರಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ), ವೆನೇಡಿಯಂ 0.5 ಪಿಪಿಎಂ ಎಂಬುದು ಹಲವು ಯಂತ್ರಗಳಿಗಿರುವ ಮಿತಿ; ನಿಮ್ಮ ಯಂತ್ರದ ಕೈಪಿಡಿ ಹೇಳುವುದೇ ಅಂತಿಮ.

ವೆನೇಡಿಯಂ ಎಣ್ಣೆಯ ಅಣುಗಳಲ್ಲೇ ಬೆಸೆದುಕೊಂಡಿರುವುದರಿಂದ ಎಷ್ಟು ತೊಳೆದರೂ ಹೋಗದು. ಅದಕ್ಕೆ ಮೆಗ್ನೀಸಿಯಂ ಸಂಯುಕ್ತವನ್ನು ಸೇರಿಸುತ್ತಾರೆ, ಸಾಮಾನ್ಯವಾಗಿ ವೆನೇಡಿಯಂನ ತೂಕದ ಮೂರು ಪಟ್ಟು ಮೆಗ್ನೀಸಿಯಂ ಇರುವಂತೆ. ಆಗ ಹುಟ್ಟುವ ಮೆಗ್ನೀಸಿಯಂ ವೆನೇಡೇಟ್ 1,000 ಡಿಗ್ರಿ ದಾಟಿದರೂ ಕರಗದೆ ಪುಡಿಯಾಗಿಯೇ ಉಳಿಯುತ್ತದೆ. ಆದರೆ ಮೆಗ್ನೀಸಿಯಂ ಹಾಕಿದ್ದೇವೆಂದು ಸೋಡಿಯಂ ತೊಳೆಯುವುದನ್ನು ಬಿಡಬೇಡಿ, ಏಕೆಂದರೆ ಸೋಡಿಯಂಗೆ ಅದು ಮದ್ದಲ್ಲ. ಬ್ಲೇಡಿನ ಮೇಲೆ ಕಟ್ಟುವ ಬೂದಿಯಿಂದ ಉತ್ಪಾದನೆ ಇಳಿಯುತ್ತ ಬರುವುದರಿಂದ ಆಗಾಗ ಯಂತ್ರ ನಿಲ್ಲಿಸಿ ನೀರಿನಿಂದ ತೊಳೆಯಬೇಕು; ಬಿಸಿ ಆರುವ ಮೊದಲು ನೀರು ಬಿಟ್ಟರೆ ಲೋಹ ಬಿರಿಯುವ ಅಪಾಯವಿದೆ.

ಗಾಳಿಯ ಫಿಲ್ಟರನ್ನೂ ಮರೆಯಬಾರದು. ಸಿಂಧನೂರು, ಗಂಗಾವತಿ ಸುತ್ತಿನ ಸವಳು-ಜವಳು ಹೊಲಗಳಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಏಳುವ ಲವಣವನ್ನು ನೋಡಿದವರಿಗೆ, ಅಂತಹ ಧೂಳಿನೊಡನೆಯೂ ಸೋಡಿಯಂ ಒಳಬರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಯಂತ್ರದ ಒಳಗನ್ನು ಬಿಚ್ಚದೆ ನೋಡುವ ಬೋರ್‌ಸ್ಕೋಪ್ ಇಳಿಸಿದಾಗ ಬ್ಲೇಡಿನ ಬಿಸಿ ಭಾಗವನ್ನಷ್ಟೇ ನೋಡಿ ತೃಪ್ತರಾಗಬೇಡಿ. 850ರಿಂದ 950 ಡಿಗ್ರಿಯಲ್ಲಿ ಮೇಲ್ಮೈ ಅಗಲವಾಗಿ ಉಬ್ಬಿ ಒರಟಾಗುತ್ತದೆ. 650ರಿಂದ 750ರಲ್ಲಾದರೆ ಅಲ್ಲಲ್ಲಿ ಚಿಕ್ಕ ಗುಳಿಗಳು ಬೀಳುತ್ತವೆ, ಅವು ತಂಪಾದ ಬುಡದ ಕಡೆ ಅಡಗಿರುತ್ತವೆ. ಗುಳಿ ಬ್ಲೇಡಿನ ಮೇಲಿನ ರಕ್ಷಣಾ ಲೇಪನವನ್ನು ದಾಟಿ ಮೂಲ ಲೋಹ ಮುಟ್ಟಿದ್ದರೆ ಆ ಬ್ಲೇಡನ್ನು ಹಾಗೆಯೇ ಓಡಿಸದೆ, ಬಿಚ್ಚಿ ತಪಾಸಣೆಗೆ ಕಳುಹಿಸಿ.