ಅಂಡಮಾನಿನಲ್ಲಿ ನಮ್ಮ ವಾಚು ನಡೆಯಲಿಲ್ಲ

ಹ್ಯಾವ್ಲಾಕ್ ದ್ವೀಪದ ರಾಧಾನಗರ ಬೀಚಿಗೆ ನಾವು ತಲುಪಿದಾಗ ಸಂಜೆ ಐದೂಮುಕ್ಕಾಲು. ಸೂರ್ಯಾಸ್ತ ನೋಡಲು ಹೋದವರು ನಾವು. ಎದುರಿಗೆ ಸಿಕ್ಕವರೆಲ್ಲ ಟವೆಲ್ ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು ವಾಪಸ್ ಬರುತ್ತಿದ್ದರು. ಸಮುದ್ರ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ನೀರಲ್ಲಿ ಉಳಿದಿದ್ದ ನಾಲ್ಕೈದು ಜನರನ್ನು ಗಾರ್ಡ್ ಸೀಟಿ ಊದಿ ಮೇಲಕ್ಕೆ ಕರೆಯುತ್ತಿದ್ದ. "ಸೂರ್ಯ ಎಲ್ಲಮ್ಮಾ?" ಅಂದ ಮಗ. ಏನು ಹೇಳೋದು?

ಜನವರಿ ತಿಂಗಳು. ಬೆಂಗಳೂರಲ್ಲಾದರೆ ಆರು ದಾಟಿದ ಮೇಲೆ ತಾನೇ ಹೊತ್ತು ಮುಳುಗೋದು? ಅದೇ ಲೆಕ್ಕದಲ್ಲಿ ಆರಾಮಾಗಿ ಕಾಫಿ ಕುಡಿದು ಆಟೋ ಹತ್ತಿದ್ದೆವು. ಆದರೆ ಅಂಡಮಾನ್ ಇರೋದು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ. 15 ಡಿಗ್ರಿ ಅಂದರೆ ಸೂರ್ಯನಿಗೆ ಒಂದು ಗಂಟೆಯ ದಾರಿ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಅಲ್ಲಿ ಆ ದಿನಗಳಲ್ಲಿ ಐದೂಕಾಲರ ಹೊತ್ತಿಗೇ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಆರಕ್ಕೆ ಮುಂಚೆಯೇ ಬೆಳಕಾಗಿರುತ್ತೆ. ಮರುದಿನದಿಂದ ನಾವು ಐದಕ್ಕೆ ಎದ್ದು, ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಲಗತೊಡಗಿದೆವು. ಅಮ್ಮನಿಗೆ ಇದು ಭಾರಿ ಇಷ್ಟವಾಯಿತು. "ಇದು ನಮ್ಮೂರಿನ ಟೈಮು, ನಿಮ್ಮ ಬೆಂಗಳೂರಿನದ್ದಲ್ಲ" ಅಂದರು.

ನಾವು ನಾಲ್ಕು ಜನ ಹೋಗಿದ್ದು: ನಾನು, ನಮ್ಮ ಮನೆಯವರು, ಒಂಬತ್ತು ವರ್ಷದ ಮಗ, ಮಂಡಿ ನೋವಿರುವ ಅಮ್ಮ. ಆರು ರಾತ್ರಿ. ಮೊದಲು ಒಬ್ಬ ಏಜೆಂಟ್ ಹತ್ತಿರ ಪ್ಲಾನ್ ಹಾಕಿಸಿದ್ದೆವು. ದಿನಕ್ಕೆ ಐದು ಜಾಗ ತುರುಕಿದ್ದ. ಜಾಸ್ತಿ ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ವಾಪಸಾಗುವ ಹಿಂದಿನ ಮಧ್ಯಾಹ್ನ ಸ್ಕೂಬಾ ಡೈವಿಂಗ್, ಮರುದಿನ ಬೆಳಗಿನ ಜಾವ ವಿಮಾನ! ನೀರಿನ ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿರುತ್ತೆ. ಅದು ಹೊರಗೆ ಹೋಗುವ ಮೊದಲೇ ವಿಮಾನ ಹತ್ತಿದರೆ, ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆ ಕಟ್ಟುವ ಅಪಾಯ ಇದೆ. ಒಂದೇ ಡೈವ್ ಆದರೂ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಬಿಡಬೇಕು ಅನ್ನುತ್ತಾರೆ. ಆ ಪ್ಲಾನ್ ಕೈಬಿಟ್ಟೆವು. ಮೊದಲು ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿಯ ಟಿಕೆಟ್, ಅದಕ್ಕೆ ಹೊಂದುವ ಹಾಗೆ ರೂಮು, ಆಮೇಲೆ ಉಳಿದದ್ದು. ಈ ಕ್ರಮದಲ್ಲಿ ನಾವೇ ಬುಕ್ ಮಾಡಿದೆವು. ರೂಮು ಮೊದಲು ಮಾಡಿ ಫೆರಿ ಸಿಗದೆ ಒದ್ದಾಡಿದವರನ್ನು ಜೆಟ್ಟಿಯಲ್ಲೇ ನೋಡಿದೆ.

ಟಿಕೆಟ್ ಬಂದಾಗ ಅದರಲ್ಲಿ "ಸ್ವರಾಜ್ ದ್ವೀಪ" ಅಂತಿತ್ತು. ತಪ್ಪು ಬುಕ್ ಆಗಿದೆ ಅಂತ ನಮ್ಮ ಮನೆಯವರು ಕೂಗಾಡಿದರು. ಹ್ಯಾವ್ಲಾಕ್‌ಗೆ 2018ರಿಂದ ಅದೇ ಹೆಸರು, ಪಕ್ಕದ ನೀಲ್ ದ್ವೀಪ ಈಗ ಶಹೀದ್ ದ್ವೀಪ. ರಾಜಧಾನಿ ಪೋರ್ಟ್ ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಆದರೆ ಆಟೋದವರ ಬಾಯಲ್ಲಿ ಇನ್ನೂ ಹಳೇ ಹೆಸರೇ. ನಾನೂ ಹಳೇದನ್ನೇ ಬರೀತೀನಿ.

ಪೋರ್ಟ್ ಬ್ಲೇರ್‌ನಲ್ಲಿ ನೋಡಿದ್ದು ಒಂದೇ, ಬ್ರಿಟಿಷರ ಕಾಲದ ಸೆಲ್ಯುಲರ್ ಜೈಲು. ಕಟ್ಟಿ ಮುಗಿದಿದ್ದು 1906ರಲ್ಲಿ. ಏಳು ಸಾಲುಗಳಿದ್ದವಂತೆ, ಉಳಿದಿರೋದು ಮೂರು. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಮುಖ ಮಾಡಿದೆ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಬಾರದು, ಅಷ್ಟೇ ಉದ್ದೇಶ. ಕೈದಿಗಳನ್ನು ಎತ್ತಿನ ಹಾಗೆ ಗಾಣಕ್ಕೆ ಹೂಡಿ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. ಅಮ್ಮ ಆ ಗಾಣದ ಮುಂದೆ ತುಂಬಾ ಹೊತ್ತು ನಿಂತರು. ಅವರ ಅಜ್ಜನ ಮನೆಯಲ್ಲಿ ಎತ್ತಿನ ಗಾಣ ಇತ್ತು. ಸುತ್ತು ಸುತ್ತಿ ಎತ್ತಿಗೇ ತಲೆ ತಿರುಗುತ್ತಿತ್ತಂತೆ, ಅದಕ್ಕೇ ಕಣ್ಣು ಕಟ್ಟುತ್ತಿದ್ದರಂತೆ. "ಇವರ ಕಣ್ಣು ಕಟ್ಟಿದ್ದರೋ ಇಲ್ಲವೋ" ಅಂದರು. ಕರಿನೀರಿನ ಶಿಕ್ಷೆ ಅಂತ ಶಾಲೆಯಲ್ಲಿ ಓದಿದ್ದು ನನಗೆ ಆಗ ಅರ್ಥವಾಯಿತು.

ಹ್ಯಾವ್ಲಾಕ್‌ನಲ್ಲಿ ಮೂರು ರಾತ್ರಿ. ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ದೋಣಿಯಲ್ಲಿ ಹೋದೆವು. ಬೇಗ ಹೋಗಿದ್ದಕ್ಕೆ ನೀರು ತಿಳಿಯಾಗಿತ್ತು. ಹತ್ತು ಗಂಟೆಯ ಮೇಲೆ ಅಲ್ಲಿ ಜಾತ್ರೆ. ಸ್ನಾರ್ಕೆಲಿಂಗ್‌ಗೆ (ಮಾಸ್ಕ್ ಹಾಕಿ ತೇಲುತ್ತಾ ನೀರೊಳಗೆ ನೋಡೋದು) ಈಜು ಬರಲೇಬೇಕು ಅಂತಿಲ್ಲ. ಟ್ಯೂಬ್ ಹಿಡಿದು ಮಲಗಿದರೆ ಗೈಡ್ ಎಳೆದುಕೊಂಡು ಹೋಗುತ್ತಾನೆ. ಮಗ ಐದು ನಿಮಿಷದಲ್ಲಿ ಕಲಿತ. ಒದ್ದಾಡಿದ್ದು ಅವರಪ್ಪ. ಮಾಸ್ಕ್ ಹಾಕಿ ಮುಖ ಮುಳುಗಿಸಿದ ಕೂಡಲೇ ಮೂಗಿನ ಹತ್ತಿರ ನೀರು. ಮೂರು ಮಾಸ್ಕ್ ಬದಲಾಯಿಸಿದರು. ಕೊನೆಗೆ ಗೈಡ್ ನಕ್ಕು ಅವರ ಮೀಸೆ ತೋರಿಸಿದ. ಮಾಸ್ಕಿನ ಸಿಲಿಕೋನ್ ಅಂಚು ಚರ್ಮಕ್ಕೆ ಅಂಟಬೇಕು, ಮಧ್ಯೆ ಕೂದಲಿದ್ದರೆ ನೀರಿಗೆ ಅದೇ ದಾರಿ. ಮದುವೆಯ ದಿನವೂ ಒಂದೆಳೆ ಕತ್ತರಿಸದ ಮೀಸೆ ಅದು! ಪೂರ್ತಿ ಬೋಳಿಸಬೇಕಾಗಿರಲಿಲ್ಲ. ಮೂಗಿನ ಕೆಳಗೆ ಒಂದು ತೆಳು ಪಟ್ಟಿ ತೆಗೆದರೆ ಸಾಕು, ಅಂಚು ಅಲ್ಲಿ ಕೂರುತ್ತೆ. ರಾತ್ರಿ ರೂಮಿನಲ್ಲಿ ರೇಜರ್ ಹಿಡಿದು ನಾನೇ ಆ ಕೆಲಸ ಮಾಡಿದೆ. ಮರುದಿನ ಮತ್ತೆ ಹೋದರು, ಗಿಳಿ ಮೀನು ನೋಡಿ ಬಂದರು. ಮಾಸ್ಕ್ ಮಂಜು ಕಟ್ಟದಿರಲು ಒಳಗಡೆ ಎಂಜಲು ಸವರಿ ತೊಳೆಯಬೇಕು. ಅದಕ್ಕೂ ಮೊದಲು ಮುಖ ಸಿಂಡರಿಸಿದ್ದರು.

ನಾನು ಒಂದು ಡೈವ್ ಮಾಡಿದೆ. ಈಜು ಬಾರದ ನನಗೆ ಆಳಕ್ಕಿಂತ ಕಿವಿಯ ಭಯ ಜಾಸ್ತಿ. ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದಬೇಕು, ಕಿವಿಯೊಳಗೆ 'ಟಿಕ್' ಅನ್ನುತ್ತೆ, ನೋವು ಹೋಗುತ್ತೆ. ನೋವು ಶುರುವಾಗುವ ಮೊದಲೇ ಊದಬೇಕು ಅನ್ನೋದೇ ಗುಟ್ಟು. ಒಂದು ಹವಳದ ಬುಡದಲ್ಲಿ ಕಿತ್ತಳೆ ಬಣ್ಣದ ಪುಟ್ಟ ಮೀನುಗಳ ಸಂಸಾರ ಕಂಡಿತು. ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಇನ್‌ಸ್ಟ್ರಕ್ಟರ್ ತಕ್ಷಣ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೊರಟ! ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ. ಸರಿಯಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ದಡದಲ್ಲಿ ಹೇಳಿಕೊಟ್ಟಿದ್ದರು. ಕೈಗೆ ನೆನಪಿರಬೇಕಲ್ವಾ?

ಅಮಾವಾಸ್ಯೆಗೆ ಎರಡು ದಿನ ಇತ್ತು. ಹೋಮ್‌ಸ್ಟೇಯವರು "ರಾತ್ರಿ ಲೈಟ್ ಆರಿಸಿ ನೀರಿಗೆ ಕಾಲಿಡಿ" ಅಂದರು. ಕತ್ತಲಲ್ಲಿ ಅಮ್ಮ ಕಾಲಲ್ಲಿ ನೀರು ಕಲಕಿದರು, ನೀಲಿ ಕಿಡಿಗಳು ಎದ್ದವು. ಅಲುಗಾಡಿಸಿದಾಗ ಬೆಳಕು ಬಿಡುವ ಸೂಕ್ಷ್ಮಜೀವಿಗಳು ಅವು. ಬೆಳದಿಂಗಳಿದ್ದರೆ ಸರಿಯಾಗಿ ಕಾಣೋದಿಲ್ಲ. ಫೋನಿನಲ್ಲಿ ಫೋಟೊ ಬರಲಿಲ್ಲ. ಪಂಚಾಂಗ ನೋಡಿ ರಜೆ ಹಾಕಬೇಕು ಅನ್ನೋದು ಆವತ್ತೇ ಹೊಳೆದಿದ್ದು.

ನೀಲ್‌ನಲ್ಲೂ ಪಂಚಾಂಗದ್ದೇ ಕಥೆ. ಅಲ್ಲಿ ಸಮುದ್ರ ಕೊರೆದ ಕಲ್ಲಿನ ಕಮಾನು ಇದೆ, ನ್ಯಾಚುರಲ್ ಬ್ರಿಜ್ ಅನ್ನುತ್ತಾರೆ. ಬೆಳಿಗ್ಗೆ ಫೆರಿ ಇಳಿದು ಹನ್ನೊಂದಕ್ಕೆ ಹೋದರೆ ದಾರಿಯೆಲ್ಲ ನೀರು. ಎಳನೀರು ಮಾರುವವನು "ಇಳಿತ ಮೂರೂವರೆಗೆ, ಆಮೇಲೆ ಬನ್ನಿ" ಅಂದ. ಮೂರೂವರೆಗೆ ಹೋದರೆ ಅದೇ ಜಾಗ ಗುರುತೇ ಸಿಗಲಿಲ್ಲ. ನೀರು ಅಷ್ಟು ದೂರ ಹಿಂದೆ ಸರಿದು, ಕಲ್ಲಿನ ಗುಂಡಿಗಳಲ್ಲಿ ಮಾತ್ರ ಉಳಿದಿತ್ತು. ಕಡಲ ಸೌತೆ, ಏಡಿ, ಬೆರಳುದ್ದದ ಮೀನು. ಅಲೆಯಂತೆ ಅಂಚಿರುವ ದೊಡ್ಡ ಕಪ್ಪೆಚಿಪ್ಪಿನ ಮೇಲೆ ಅಮ್ಮನ ನೆರಳು ಬಿತ್ತು, ಅದು ನಿಧಾನಕ್ಕೆ ಬಾಯಿ ಮುಚ್ಚಿತು. "ನಾಚಿಕೆ ಮುಳ್ಳಿನ ಹಾಗೆ" ಅಂತ ಅಮ್ಮ ಮತ್ತೆ ಮತ್ತೆ ನೆರಳು ಹಾಕಿದರು. ಬೀಚಿನಲ್ಲಿ ಕುರ್ಚಿ ಹಾಕಿ ಕೂರಿಸೋಣ ಅಂದುಕೊಂಡಿದ್ದವರು, ನನ್ನ ಕೈ ಹಿಡಿದು ಒಂದು ಗಂಟೆ ಕಲ್ಲಿನ ಮೇಲೆ ನಡೆದರು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಹೆಚ್ಚು ಕೆಳಗೆ ಇಳಿಯುತ್ತೆ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಗ್ರಿಪ್ ಇರುವ ಚಪ್ಪಲಿ ಮಾತ್ರ ಬೇಕೇ ಬೇಕು.

ಊಟದ ಬಗ್ಗೆ ಎರಡು ಮಾತು. ನೀಲ್‌ನಲ್ಲಿ ಬಂಗಾಳಿ ಕುಟುಂಬಗಳು ತರಕಾರಿ ಚೆನ್ನಾಗಿ ಬೆಳೆಯುತ್ತಾರೆ. ಮೀನು ತಿನ್ನದ ಅಮ್ಮನಿಗೆ ಅನ್ನ, ಬೇಳೆ, ಬದನೆಕಾಯಿ ಸಿಕ್ಕಿತು. ಚಟ್ನಿಪುಡಿ ಡಬ್ಬಿ ನಮ್ಮದೇ.

ಬಾರಾಟಾಂಗ್ ದ್ವೀಪಕ್ಕೆ ಹೋಗಲಿಲ್ಲ. ಸುಣ್ಣಕಲ್ಲಿನ ಗುಹೆ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದರು. ಆದರೆ ರಸ್ತೆ ಹೋಗೋದು ಜಾರವಾ ಬುಡಕಟ್ಟು ಜನರ ಕಾಡಿನ ಮಧ್ಯೆ. ಕಾರು ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. "ಲಕ್ ಇದ್ದರೆ ಕಾಣಿಸ್ತಾರೆ" ಅಂದಿದ್ದ ಆ ಏಜೆಂಟ್. ಅವನ ಆ ಮಾತಿಗೇ ಮನಸ್ಸು ಬರಲಿಲ್ಲ.

ನೀಲ್‌ನ ರಾತ್ರಿ ಇನ್ನೊಂದು ಪ್ರಸಂಗ. ಹವಳ, ಚಿಪ್ಪು ಏನೂ ಒಯ್ಯಬಾರದು, ಏರ್‌ಪೋರ್ಟಿನಲ್ಲಿ ಸ್ಕ್ಯಾನ್ ಮಾಡಿ ತೆಗೆಸುತ್ತಾರೆ ಅಂತ ಮಗನಿಗೆ ಹೇಳಿದ್ದೆ. ಆದರೂ ಒಂದು ಪುಟ್ಟ ಶಂಖ ಜೇಬಲ್ಲಿ ತಂದು ಟೇಬಲ್ ಮೇಲೆ ಬಚ್ಚಿಟ್ಟಿದ್ದ. ರಾತ್ರಿ ಹತ್ತರ ಹೊತ್ತಿಗೆ ಟಕಟಕ ಸದ್ದು. ಟಾರ್ಚ್ ಬಿಟ್ಟರೆ ಶಂಖ ನಡೆಯುತ್ತಿದೆ! ಖಾಲಿ ಶಂಖದಲ್ಲಿ ಸಂಸಾರ ಹೂಡುವ ಏಡಿ ಒಳಗಿತ್ತು. ಮಗ ಅಳುಮುಖ ಮಾಡಿಕೊಂಡ. ಬೆಳಗಿನ ಐದೂವರೆಗೆ ಎಲ್ಲರೂ ಸೀತಾಪುರ ಬೀಚಿಗೆ ಹೋದೆವು. ಸೂರ್ಯ ಇನ್ನೂ ಬಂದಿರಲಿಲ್ಲ. ಮಗ ಒದ್ದೆ ಮರಳಿನ ಮೇಲೆ ಶಂಖ ಇಟ್ಟು ಮೂರು ಹೆಜ್ಜೆ ಹಿಂದೆ ಬಂದ. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡು ಕೆಂಪು ಕಾಲು ಹೊರಬಂದವು, ಶಂಖ ಎದ್ದು ನಮ್ಮ ಕಡೆ ನೋಡದೆ ಕಲ್ಲಿನ ಸಂದಿಗೆ ಹೋಯಿತು.