‘ಬಿಟ್ಟಿದ್ದೀರಾ?’ ಅಂತ ಕೇಳಬೇಡಿ: ದಾವಣಗೆರೆಯಲ್ಲಿ ತಂಬಾಕು ಬಿಡಿಸುವ ಸಂಶೋಧನೆ, ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ಬೀಡಿ ಸೇದುವವರು, ಗುಟ್ಕಾ ಮತ್ತು ಕಡ್ಡಿಪುಡಿ ಹಾಕುವವರ ಚಟ ಬಿಡಿಸಲು ಯಾವ ದಾರಿ ಕೆಲಸ ಮಾಡುತ್ತದೆ ಅಂತ ನೋಡುವ ಸಂಶೋಧನೆಯಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಮೊದಲ ದಿನದ ಸಲಹೆ, ಔಷಧಿ ಎಲ್ಲಾ ಬೇಕು. ಆದರೆ ಇಡೀ ಕೆಲಸ ನಿಂತಿರುವುದು ಆರು ತಿಂಗಳ ನಂತರದ ಭೇಟಿಯ ಮೇಲೆ. ಅವತ್ತು ಎದುರಿಗೆ ಕೂತವರು ಅಂಜದೆ ನಿಜ ಹೇಳಬೇಕು. ಇಲ್ಲದಿದ್ದರೆ ನಾವು ಹಾಕುವ ಲೆಕ್ಕಕ್ಕೆ ಬೆಲೆಯೇ ಇಲ್ಲ.

2016–17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ. 8.8, ಬಾಯಿಗೆ ಹಾಕಿಕೊಳ್ಳುವವರು ಶೇ. 16.3. ಅಂದರೆ ನಮ್ಮಲ್ಲಿ ಅಗಿಯುವವರೇ ಜಾಸ್ತಿ. ಆದರೆ ಚಿಕಿತ್ಸೆಯ ಪುರಾವೆ ಹೆಚ್ಚಾಗಿ ಬಂದಿರುವುದು ಸಿಗರೇಟಿನವರಿಂದ. ತಂಬಾಕಿನಲ್ಲಿ ಚಟ ಹಿಡಿಸುವ ವಸ್ತು ನಿಕೋಟಿನ್. ಅದನ್ನೇ ಅಳತೆಯಲ್ಲಿ ಕೊಡುವ ಗಮ್ಮು (ಅಗಿಯುವ ಔಷಧಿ), ಚರ್ಮಕ್ಕೆ ಅಂಟಿಸುವ ಪಟ್ಟಿ ಇವು ಸೇದುವವರಿಗೆ ಸಹಾಯ ಮಾಡುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಅಗಿಯುವವರ ವಿಷಯದಲ್ಲಿ ಅಷ್ಟು ಗಟ್ಟಿ ಆಧಾರ ಇಲ್ಲ. ನಮ್ಮಂಥ ಊರಲ್ಲಿ ಈ ಕೆಲಸ ನಡೆಯಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಮೊದಲ ದಿನ ‘ತಂಬಾಕು ಹಾಕ್ತೀರಾ?’ ಅಂತ ನೇರವಾಗಿ ಕೇಳುವುದಿಲ್ಲ. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಬೀಡಿ ಕಟ್ಟು, ಕಡ್ಡಿಪುಡಿ, ಹೊಗೆಸೊಪ್ಪು, ಪಾನ್ ಮಸಾಲ ಮತ್ತು ಅದರ ಜೊತೆ ಮಾರುವ ತಂಬಾಕಿನ ಚೀಟಿ ಇಟ್ಟಿರುತ್ತೇವೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಯಿತು. ಈಗ ಎರಡು ಚೀಟಿ ಬೇರೆ ಬೇರೆ ತಗೊಂಡು ಕೈಯಲ್ಲಿ ಬೆರೆಸಿಕೊಳ್ಳುತ್ತಾರೆ, ಅಷ್ಟೇ. ಎಲೆ ಅಡಿಕೆ ಹಾಕುವ ಅಜ್ಜಿಯರು ಬಾಯಲ್ಲಿ ಹೇಳುವುದಕ್ಕಿಂತ ಬೆರಳಲ್ಲಿ ಬೇಗ ತೋರಿಸುತ್ತಾರೆ. ಆಮೇಲೆ ಎರಡು ಪ್ರಶ್ನೆ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು? ರಸ ಉಗುಳ್ತೀರೋ, ನುಂಗ್ತೀರೋ? ಎದ್ದ ಅರ್ಧ ಗಂಟೆಯೊಳಗೆ ಬೇಕು, ರಸವನ್ನೂ ನುಂಗುತ್ತಾರೆ ಅಂದರೆ ಚಟ ಆಳಕ್ಕೆ ಇಳಿದಿದೆ ಅಂತಲೇ ತಿಳಿಯಬೇಕು.

ಗಮ್ಮು ಕೊಟ್ಟ ದಿನ ನಾನು ಎದುರಿಗೇ ಕೂತು ಒಂದನ್ನು ಹಾಕಿಸುತ್ತೇನೆ. ಇದು ತಪ್ಪಬಾರದು. ಚೀಟಿ ಬಾಯಿಗೆ ಸುರಿದು ಅಭ್ಯಾಸ ಇರುವವರು ಗಮ್ಮನ್ನೂ ಹಾಗೇ ಜಗಿದು ರಸ ನುಂಗಿಬಿಡುತ್ತಾರೆ. ಗಂಟಲು ಉರಿ, ಬಿಕ್ಕಳಿಕೆ ಶುರುವಾಗುತ್ತದೆ. ‘ಇದು ನನಗೆ ಆಗಿಬರಲ್ಲ ಮೇಡಂ’ ಅಂತ ಎದ್ದು ಹೋಗುತ್ತಾರೆ. ಸರಿಯಾದ ಕ್ರಮ ಹೀಗೆ: ಚುರುಚುರು ಅನ್ನುವವರೆಗೆ ನಿಧಾನಕ್ಕೆ ಅಗಿಯಬೇಕು. ಆಮೇಲೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಚುರುಚುರು ನಿಂತರೆ ಮತ್ತೆ ಎರಡು ಸಲ ಅಗಿದು ಜಾಗ ಬದಲಿಸಬೇಕು. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಹೀರಿಕೊಳ್ಳಬೇಕಾದ್ದು ಬಾಯಿಯ ಒಳಪೊರೆ, ಹೊಟ್ಟೆ ಅಲ್ಲ. ಗಮ್ಮಿಗೆ ಕಾಲು ಗಂಟೆ ಮುಂಚಿನಿಂದಲೇ ಕಾಫಿ, ಸೋಡಾ, ಹುಳಿ ಹಣ್ಣಿನ ರಸ ಬೇಡ. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಅವರು ಚೀಟಿ ಇಟ್ಟುಕೊಳ್ಳುತ್ತಿದ್ದ ಕೆನ್ನೆಯಲ್ಲಿ ಬಿಳಿ ಮಚ್ಚೆ ಇದ್ದರೆ ಕನ್ನಡಿ ಹಿಡಿದು ತೋರಿಸುತ್ತೇನೆ. ಹೆದರಿಸಲಿಕ್ಕಲ್ಲ. ಬಿಟ್ಟ ಮೇಲೆ ಕೆಲವರಲ್ಲಿ ಅದು ತಿಳಿಯಾಗುತ್ತದೆ, ಮುಂದಿನ ಸಲ ಅವರೇ ಕನ್ನಡಿ ಕೇಳುತ್ತಾರೆ. ಆದರೆ ಬಾಯಿ ತೆರೆಯಲಾಗದಷ್ಟು ಬಿಗಿದಿದ್ದರೆ ಅದು ಹೆಚ್ಚಾಗಿ ಅಡಿಕೆಯಿಂದ ಬಂದದ್ದು. ತಂಬಾಕು ಒಂದನ್ನೇ ಬಿಟ್ಟರೆ ಸಾಲದು ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಚನ್ನಗಿರಿ ಕಡೆಯಿಂದ ಬಂದವರಿಗೆ ಈ ಮಾತು ಹಿಡಿಸುವುದಿಲ್ಲ, ಅವರ ಬದುಕೇ ಅಡಿಕೆ ತೋಟ. ಆದರೂ ಹೇಳಲೇಬೇಕು.

ಇನ್ನು ಆರು ತಿಂಗಳ ಭೇಟಿಯ ಪರೀಕ್ಷೆ. ಬೀಡಿ ಬಿಟ್ಟಿದ್ದೇನೆ ಅಂದವರಿಗೆ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಸಣ್ಣ ಯಂತ್ರ ಊದಿಸುತ್ತೇವೆ. ಪುಸ್ತಕದಲ್ಲಿ ಇದು ಸುಲಭ. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಸುಲಭ ಅಲ್ಲ. ಬೆಂಕಿಯ ಮುಂದೆ ನಿಂತು ಹುರಿಯುವವರ ಉಸಿರಿನಲ್ಲಿ ಬೀಡಿ ಮುಟ್ಟದಿದ್ದರೂ ಆ ಅನಿಲ ಇರುತ್ತದೆ. ಬೀಡಿ ಬಿಟ್ಟಿದ್ದ ಒಬ್ಬ ಯಜಮಾನರು ಕೆಲಸದಿಂದ ನೇರ ಬಂದು ಊದಿದರು. ಅಂಕಿ ಮೇಲೆ ಹೋಯಿತು. ಅವರ ಮುಖ ಸಣ್ಣಗಾಯಿತು. ‘ದೇವರಾಣೆ ಮೇಡಂ, ಸೇದಿಲ್ಲ’ ಅಂದರು. ‘ಇದು ಭಟ್ಟಿ ಹೊಗೆ ಯಜಮಾನ್ರೇ, ರಜಾ ದಿನ ಬನ್ನಿ, ಮತ್ತೆ ನೋಡೋಣ’ ಅಂದೆ. ಆ ಅನಿಲದ ಅರ್ಧದಷ್ಟು ನಾಲ್ಕೈದು ಗಂಟೆಯಲ್ಲಿ ರಕ್ತದಿಂದ ಇಳಿಯುತ್ತದೆ. ರಜಾ ದಿನದ ಅಂಕಿ ಅವರ ಮಾತಿಗೆ ಸರಿಹೊಂದಿತು. ಯಂತ್ರವನ್ನೇ ನಂಬಿ ‘ಸುಳ್ಳು’ ಅಂತ ಬರೆದುಕೊಂಡಿದ್ದರೆ ನಾವು ಒಬ್ಬ ಮನುಷ್ಯನ ಆರು ತಿಂಗಳ ಕಷ್ಟವನ್ನು ಅಳಿಸಿಹಾಕಿದಂತೆ, ಅಲ್ವಾ?

ಅಗಿಯುವವರಿಗೆ ಈ ಯಂತ್ರ ಉಪಯೋಗವೇ ಇಲ್ಲ, ಅಲ್ಲಿ ಹೊಗೆ ಎಲ್ಲಿದೆ? ಅವರ ಎಂಜಲಿನಲ್ಲಿ ಅಥವಾ ಮೂತ್ರದಲ್ಲಿ ಕೊಟಿನಿನ್ ನೋಡಬೇಕು. ನಿಕೋಟಿನ್ ದೇಹದಲ್ಲಿ ಕರಗಿದಾಗ ಆಗುವ ವಸ್ತು ಅದು. ಗಮ್ಮು ಇನ್ನೂ ಹಾಕುತ್ತಿದ್ದರೆ ಅದರಿಂದಲೂ ಕೊಟಿನಿನ್ ಬರುತ್ತದೆ. ಹಾಗಾಗಿ ಗಮ್ಮಿನ ವಿಷಯ ಮೊದಲೇ ಕೇಳಿ ಬರೆದಿಟ್ಟುಕೊಳ್ಳುತ್ತೇವೆ.

ಆದರೆ ಪರೀಕ್ಷೆಗಿಂತ ಮುಖ್ಯ ಕೇಳುವ ರೀತಿ. ‘ಬಿಟ್ಟಿದ್ದೀರಾ?’ ಅಂದರೆ ‘ಹೂಂ’ ಅಂತಲೇ ಉತ್ತರ. ಡಾಕ್ಟರಿಗೆ ಬೇಜಾರು ಮಾಡಬಾರದು ಅನ್ನುವ ದಾಕ್ಷಿಣ್ಯ. ನಾನು ‘ಕೊನೇ ಸಲ ಹಾಕಿದ್ದು ಯಾವಾಗ? ಮದುವೆ, ಜಾತ್ರೆ, ತಿಥಿ ಅಂತ ಎಲ್ಲಾದರೂ ಒಂದು ಆಯ್ತಾ?’ ಅಂತ ಕೇಳುತ್ತೇನೆ. ಆಗ ಮಾತು ಬರುತ್ತದೆ. ಯಾರನ್ನು ‘ಬಿಟ್ಟವರು’ ಅಂತ ಎಣಿಸಬೇಕು ಅನ್ನಲು ಈ ಕ್ಷೇತ್ರದಲ್ಲಿ ಬಳಸುವ ರಸೆಲ್ ಮಾನದಂಡ ಆರು ತಿಂಗಳಲ್ಲಿ ಒಟ್ಟು ಐದು ಸಿಗರೇಟಿನವರೆಗೆ ಒಪ್ಪುತ್ತದೆ. ಎಲ್ಲೋ ಒಂದು ಜಾರಿದ್ದಕ್ಕೆ ಸೋತಿದ್ದೀರಿ ಅಂತ ಲೆಕ್ಕವಲ್ಲ ಎಂದು ಅವರಿಗೂ ಹೇಳುತ್ತೇನೆ.

ಬಾರದೇ ಉಳಿದವರನ್ನು ಲೆಕ್ಕದಿಂದ ಕೈಬಿಡುವ ಹಾಗಿಲ್ಲ. ಅವರನ್ನು ‘ಇನ್ನೂ ಬಳಸುತ್ತಿದ್ದಾರೆ’ ಅಂತಲೇ ಸೇರಿಸಬೇಕು. ಬಂದವರನ್ನಷ್ಟೇ ಎಣಿಸಿದರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ, ಆದರೆ ಅದು ಮೋಸ. ಅದಕ್ಕೇ ನಾವು ಎಪಿಎಂಸಿಗೆ ಹೋಗಿ, ಲಾರಿ ಹತ್ತಿರ ಹಮಾಲರ ಬಿಡುವು ಕಾದು ಮಾತಾಡಿಸುತ್ತೇವೆ. ‘ಮತ್ತೆ ಶುರು ಆಗಿದೆ ಮೇಡಂ, ಅದಕ್ಕೆ ಮುಖ ತೋರ್ಸಿಲ್ಲ’ ಅಂತ ತಲೆ ತಗ್ಗಿಸುವವರಿಗೆ ಮೊದಲು ‘ಹೇಳಿದ್ದು ಒಳ್ಳೇದಾಯ್ತು ಅಣ್ಣಾ’ ಅನ್ನುತ್ತೇನೆ. ಬಿಟ್ಟವರು ತಿರುಗಿ ಹಿಡಿಯುವುದು ಈ ಚಟದಲ್ಲಿ ತೀರಾ ಸಾಮಾನ್ಯ. ಫಾರಂನಲ್ಲಿ ನಿಜ ಬರೆದುಕೊಂಡ ಮೇಲೆ, ಮತ್ತೆ ಬಿಡಲು ಮನಸ್ಸಿದ್ದವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಅನ್ನು ಅವರ ಮೊಬೈಲಿನಲ್ಲೇ ಸೇವ್ ಮಾಡಿಕೊಡುತ್ತೇವೆ. ಸಂಶೋಧನೆ ಮುಗಿದರೂ ಅವರಿಗೆ ಮಾತಾಡಲು ಯಾರಾದರೂ ಬೇಕಲ್ಲ.