ಲಾನ್ ತೆಗೆದು ನಮ್ಮೂರ ಗಿಡ ಹಾಕುವುದು ಹೇಗೆ? ಅಗೆಯಬೇಡಿ, ಬೇಯಿಸಿ

ಮನೆ ಮುಂದಿನ ಲಾನ್ ತೆಗೆದು ನಮ್ಮ ನೆಲದ ಗಿಡಗಳನ್ನು ಹಾಕಬೇಕು ಎನ್ನುವವರನ್ನು ಕಂಡರೆ ನನಗೆ ಖುಷಿ. ಆದರೆ ಹೆಚ್ಚಿನವರು ಮೊದಲ ದಿನವೇ ಎಡವುತ್ತಾರೆ. ಆಳು ಕರೆಸಿ ಹುಲ್ಲು ಅಗೆಸುತ್ತಾರೆ, ಅದೇ ವಾರ ಸಸಿ ನೆಡುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ಹೀಗೇ ಮಾಡಿದರು. ಎರಡು ಮಳೆ ಬಿದ್ದ ಮೇಲೆ ನೆಟ್ಟ ತುಂಬೆ ಗಿಡವನ್ನು ಹುಲ್ಲು ಸರಿಸಿ ಹುಡುಕಬೇಕಾಯಿತು. ಲಾನ್ ಹುಲ್ಲು ಬೇರಿನ ತುಂಡಿನಿಂದಲೇ ಚಿಗುರುತ್ತದೆ. ಗುದ್ದಲಿ ಹಾಕಿದಷ್ಟೂ ತುಂಡು ಜಾಸ್ತಿ.

1. ಹುಲ್ಲನ್ನು ಬೇಯಿಸಿ. ಬೆಂಗಳೂರು, ಮೈಸೂರು ಕಡೆ ಮಾರ್ಚ್-ಏಪ್ರಿಲ್ ಬಿಸಿಲೇ ಇದಕ್ಕೆ ಸರಿಯಾದ ಕಾಲ. ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ. ಒಂದು ಅಡಿ ಆಳದವರೆಗೆ ಮಣ್ಣು ನೆನೆಯುವಷ್ಟು ನೀರು ಬಿಡಿ. ಒಣ ಮಣ್ಣಲ್ಲಿ ಶಾಖ ಕೆಳಗೆ ಇಳಿಯುವುದಿಲ್ಲ. ಮೇಲೆ ತೆಳ್ಳಗಿನ, ಬಿಸಿಲು ಹಾಯುವ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಎಳೆದು ಹಾಸಿ. ಅಂಗಡಿಯವರು ಕಪ್ಪು ಹಾಳೆ ಕೊಡಲು ನೋಡುತ್ತಾರೆ. ಬೇಡ ಎನ್ನಿ, ಅದರಡಿ ಮಣ್ಣು ಅಷ್ಟು ಕಾಯುವುದಿಲ್ಲ. ಸುತ್ತಲೂ ಗೇಣು ಆಳದ ಕಾಲುವೆ ತೆಗೆದು ಅಂಚನ್ನು ಮಣ್ಣಲ್ಲಿ ಹೂತುಬಿಡಿ. ಸುಮ್ನೆ ನಾಲ್ಕು ಇಟ್ಟಿಗೆ ಇಟ್ಟರೆ ಬಿಸಿಯೆಲ್ಲ ಹೊರಗೆ. ತೂತು ಬಿದ್ದರೆ ಅಂದೇ ಟೇಪ್ ಹಚ್ಚಿ. ಆರು ವಾರ ಮುಟ್ಟಬೇಡಿ. ಅಂಚಿನಲ್ಲಿ ಶಾಖ ಕಡಿಮೆ, ಅಲ್ಲಿ ಉಳಿದ ಹುಲ್ಲನ್ನು ಕೈಯಿಂದಲೇ ತೆಗೆಯಬೇಕು.

ಹಾಳೆ ತೆಗೆದ ಮೇಲೆ ಮಣ್ಣು ತಿರುವಬೇಡಿ, ಆಳದಲ್ಲಿರುವ ಕಳೆ ಬೀಜ ಮೇಲೆ ಬರುತ್ತದೆ. ಕಳೆನಾಶಕ ನಮ್ಮ ಮನೆಯಂಗಳಕ್ಕೆ ಬೇಡವೇ ಬೇಡ. ಒಂದು ಲೋಡ್ ಕೆಂಪು ಮಣ್ಣನ್ನೂ ತರಿಸಬೇಡಿ, ಕಾಂಗ್ರೆಸ್ ಗಿಡದ ಬೀಜ ಜೊತೆಗೇ ಬರಬಹುದು.

2. ಜೇಕು. ಈ ಕಳೆ ಬಿಸಿಲಿಗೂ ಪೂರ್ತಿ ಸಾಯುವುದಿಲ್ಲ. ಮೊದಲ ಮಳೆಗೆ ಮೂರು ಮೂಲೆಯ ಕಡ್ಡಿ ಎದ್ದರೆ ಎಳೆಯಬೇಡಿ, ಕಿತ್ತು ಬರುವುದು ಎಲೆ ಮಾತ್ರ. ಸಲಾಕೆ ಇಳಿಸಿ ಮಣ್ಣು ಸಡಿಲಿಸಿ, ಬೇರು ಹಿಡಿದು ಹೋಗಿ. ಕಡಲೆಬೀಜದಷ್ಟು ಕಪ್ಪು ಗಡ್ಡೆ ಸಿಗುತ್ತದೆ, ಮುರಿದರೆ ಘಮ ಅನ್ನುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ದಾರದಂಥ ಬೇರಿನ ತುದಿಯಲ್ಲಿ ಇನ್ನೊಂದು ಗಡ್ಡೆ ಇರುತ್ತದೆ.

3. ನೆಡುವುದು. ಜೂನ್ ಮಳೆ ಹಿಡಿದ ಮೇಲೆ ನೆಡಿ. ಬಿಸಿಲಿಗೆ ತಂಗಡಿ, ಗೋರಂಟೆ, ತುಂಬೆ. ನಲ್ಲಿ ಹತ್ತಿರ ಒಂದೆಲಗ. ಕಾಂಪೌಂಡಿಗೆ ಈಶ್ವರಿ ಬಳ್ಳಿ. ನೆಲ ಬೇಗ ಮುಚ್ಚುತ್ತದೆ ಎಂದು ಹಳದಿ ಹೂವಿನ ವೆಡೇಲಿಯಾ ಮಾರುತ್ತಾರೆ. ಅದು ಅಮೆರಿಕದ ಕಡೆಯದು, ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಗಿಡಗಳ ನಡುವೆ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ.

4. ಮಳೆ ಕೈಕೊಟ್ಟರೆ ವಾರಕ್ಕೆರಡು ಸಲ ನೀರು, ಮೊದಲ ವರ್ಷ ಮಾತ್ರ.

ಈಶ್ವರಿ ಬಳ್ಳಿಯ ಎಲೆಗಳಲ್ಲಿ ತೂತು ಕಂಡರೆ ಔಷಧಿ ಹೊಡೆಯಬೇಡಿ. ಎಲೆ ಮಗುಚಿ ನೋಡಿ. ಕಡುಕಂದು ಮೈ, ಕೆಂಪು ಮುಳ್ಳಿನಂಥ ಚಾಚು, ನಡುವೆ ಒಂದು ಬಿಳಿ ಪಟ್ಟೆ ಇದ್ದರೆ ಅದು ಕಾಮನ್ ರೋಸ್ ಚಿಟ್ಟೆಯ ಮರಿ. ಅದು ಹೊಟ್ಟೆ ತುಂಬಾ ತಿನ್ನಲಿ, ಬಳ್ಳಿ ಮತ್ತೆ ಚಿಗುರುತ್ತದೆ.